ಕೆಂಪು ದಾರ, ನೀಲಿ ದಾರ

ಹುಂಜವೋ ಹೇಂಟೆಯೋ ಎಂದು ಹೇಳಹೋಗಿ ಎಂಟು ಕೋಳಿಮರಿಗಳಲ್ಲಿ ಏಳನ್ನು ತಪ್ಪಾಗಿ ಗುರುತಿಸುವುದು ಸಾಮಾನ್ಯ ಸಾಧನೆಯಲ್ಲ. ನಾಣ್ಯ ಚಿಮ್ಮಿದ್ದರೂ ನಾಲ್ಕಾದರೂ ಸರಿಯಾಗುತ್ತಿದ್ದವು. ನಾನು ಓದಿಕೊಂಡು ಹೇಳಿದೆ, ಎಡವಟ್ಟಾದದ್ದು ಅಲ್ಲೇ.

ಚರ್ಚೆ ಮೊಟ್ಟೆಯಿಂದಲೇ ಶುರುವಾಗಿತ್ತು. ಚೂಪು ಮೊಟ್ಟೆಯಿಂದ ಹೇಂಟೆ ಬರುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದಾನೆ; ಹುಂಜ ಬರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಇಬ್ಬರದ್ದೂ ತಪ್ಪು. ಆದರೆ ಅತ್ತೆಯ ಎದುರು ಹಾಗೆನ್ನುವ ಧೈರ್ಯ ಅರಿಸ್ಟಾಟಲನಿಗೂ ಇರುತ್ತಿರಲಿಲ್ಲ.

ಮರಿಗಳು ಹೊರಬಂದ ದಿನ ಒಂದನ್ನು ಅಂಗೈಗೆತ್ತಿಕೊಂಡು, ಅದರ ಪುಟ್ಟ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಮರಿಯದ್ದು. ರೆಕ್ಕೆಯಂಚಿನಲ್ಲಿ ಎರಡು ಸಾಲು ಗರಿಗಳು. ಒಂದು ಸಾಲು ಉದ್ದ, ಇನ್ನೊಂದು ಗಿಡ್ಡವಾಗಿದ್ದರೆ ಹೇಂಟೆ, ಎರಡೂ ಸಮವಾಗಿದ್ದರೆ ಹುಂಜ ಎಂದು ಎಲ್ಲರಿಗೂ ವಿವರಿಸಿದೆ. ಮರಿ ತನ್ನ ಅಭಿಪ್ರಾಯವನ್ನು ನನ್ನ ಅಂಗಿಯ ತೋಳಿನ ಮೇಲೆ ಬಿಸಿಬಿಸಿಯಾಗಿ ದಾಖಲಿಸಿತು. ಹೇಂಟೆಗಳ ಕಾಲಿಗೆ ಕೆಂಪು ದಾರ, ಹುಂಜಗಳಿಗೆ ನೀಲಿ ದಾರ ಕಟ್ಟಿಸಿದೆ. ಕಾಲು ಬಲಿತಂತೆ ದಾರ ಸಡಿಲಿಸುವ ಹೊಣೆ ಮಗಳದ್ದು. ಈ ಗುರುತು ಅದಕ್ಕೆಂದೇ ಬೆಳೆಸಿದ ತಳಿಗಳಲ್ಲಿ ಮಾತ್ರ, ಅದೂ ಮೊದಲ ಒಂದೆರಡು ದಿನ ಮಾತ್ರ ನಡೆಯುತ್ತದೆ ಎಂಬ ಸಾಲು ಮುಂದಿನ ಪುಟದಲ್ಲಿತ್ತು. ನಾನು ಪುಟ ಮಗುಚಿರಲಿಲ್ಲ.

ಬಲ್ಲವರ ದಾರಿಯೇ ಬೇರೆ. ಒಂದು ದಿನದ ಮರಿಯ ಹಿಂಭಾಗವನ್ನು ಮೆಲ್ಲನೆ ಒತ್ತಿ, ಒಳಗೆ ಗುಂಡುಸೂಜಿಯ ತಲೆಯಷ್ಟಿರುವ ಗುಬುಟನ್ನು ನೋಡಿ ಹೇಳಿಬಿಡುತ್ತಾರೆ. 1920ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ವಿದ್ಯೆಯಿದು. ಪಳಗಿದ ಕೈ ಗಂಟೆಗೆ ನೂರಾರು ಮರಿಗಳನ್ನು ಬೇರ್ಪಡಿಸುತ್ತದೆ. ಪಳಗದ ಕೈಯಲ್ಲಿ ಮರಿಯ ಜೀವಕ್ಕೇ ಅಪಾಯ. ನಾನು ಕೈ ಚಾಚಿದ್ದೆ, ತಾಯಿಕೋಳಿ ನೋಡಿದ ನೋಟಕ್ಕೆ ಹಿಂದೆಳೆದುಕೊಂಡೆ. ಕೋಳಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ವರ್ಣತಂತುವಿನಿಂದಲೇ ತೀರ್ಮಾನವಾಗುತ್ತದೆಯಂತೆ. ತೀರ್ಮಾನಿಸಿದವಳು ಎದುರಿಗೇ ಕೆರೆಯುತ್ತಾ ನಿಂತಿದ್ದಳು, ಬಾಯಿ ಮಾತ್ರ ಬಿಡಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಕೆಂಪು ದಾರದ ಒಂದರ ಜುಟ್ಟು ಕೆಂಪೇರಿ ದಪ್ಪವಾಯಿತು. "ಕೆಲವು ಹೇಂಟೆಗಳಿಗೂ ಹಾಗಾಗುತ್ತದೆ" ಎಂದೆ. ಮೂರು ತಿಂಗಳಿಗೆ ಅದರ ಕುತ್ತಿಗೆಯಲ್ಲೂ ಬೆನ್ನಲ್ಲೂ ಚೂಪಾದ ಮಿರುಗುವ ಗರಿಗಳು. "ತಳಿಯ ಗುಣ" ಎಂದೆ. ಒಂದು ಬೆಳಗಿನ ಜಾವ ಹಿತ್ತಲಿನಿಂದ ತುಕ್ಕು ಹಿಡಿದ ಕೀಲು ಕಿರುಗುಟ್ಟಿದಂಥ ಸದ್ದು ಬಂತು.

"ಹಿತ್ತಲ ಬಾಗಿಲಿಗೆ ಎಣ್ಣೆ ಬಿಡಬೇಕು" ಎಂದು ಹೊದಿಕೆಯೊಳಗಿನಿಂದಲೇ ಹೇಳಿದೆ.

ಹೆಂಡತಿ ಕಿಟಕಿಯಲ್ಲಿ ಇಣುಕಿದಳು. "ಬಾಗಿಲು ಬೇಲಿ ಹತ್ತಿ ನಿಂತಿದೆ. ಕಾಲಲ್ಲಿ ಕೆಂಪು ದಾರ ಕಾಣುತ್ತಿದೆ."

ನೀಲಿ ದಾರದವು ಮುಂದೆ ಒಂದೊಂದಾಗಿ ಮೊಟ್ಟೆಯಿಟ್ಟವು. ಅದನ್ನು ವಿಸ್ತರಿಸುವುದಿಲ್ಲ.

ಈಚೆಗೆ ಮತ್ತೆ ಮರಿಗಳಾಗಿವೆ. ಇನ್ನು ನನ್ನನ್ನು ಯಾರೂ ಕೇಳಲಾರರು ಎಂದುಕೊಂಡಿದ್ದೆ. ಮಗಳೇ ಬಂದು ಕರೆದೊಯ್ದಳು, ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಬಹಳ ಹೊತ್ತು ರೆಕ್ಕೆ ಬಿಡಿಸಿ ನೋಡಿ, "ಹೇಂಟೆ, ಅನುಮಾನವೇ ಇಲ್ಲ" ಎಂದೆ.

ಅವಳು ಗಂಭೀರವಾಗಿ ತಲೆಯಾಡಿಸಿ ನೀಲಿ ದಾರ ಕಟ್ಟಿದಳು.