ಪಲ್ಲಾಡಿಯಮ್ಮೋ ನಿಕಲ್ಲೋ ಆಮೇಲೆ, ಮೊದಲು ಶಾಖದ ಲೆಕ್ಕ ಕೊಡಿ

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಗೊತ್ತಿತ್ತು. ಕೋಲ್ಡ್ ಫ್ಯೂಷನ್ (ಸೂರ್ಯನಂಥ ಬಿಸಿಯಿಲ್ಲದೆ, ಮೇಜಿನ ಮೇಲೇ ಪರಮಾಣು ಬೀಜಗಳ ಸಮ್ಮಿಲನ ಮಾಡಿಸಿ ಶಾಖ ಪಡೀತೀವಿ ಅನ್ನೋ ವಾದ) ವಿಷಯದಲ್ಲಿ ಈಗ ಎರಡು ಕುಲಾವಿಗಳಲ್ಲಿ ಯಾವುದು ಚೆಂದ ಅಂತ ಹೊಡೆದಾಟ ನಡೀತಿದೆ. ಒಬ್ಬರಿಗೆ ಪಲ್ಲಾಡಿಯಂ ಲೋಹ ಮತ್ತು ಭಾರಜಲವೇ (ಡ್ಯೂಟೀರಿಯಂ ಅನ್ನೋ ಭಾರದ ಹೈಡ್ರೋಜನ್ ಇರೋ ನೀರು) ದೇವರು. ಇನ್ನೊಬ್ಬರು "ಅದು ದುಬಾರಿ, ನಿಕಲ್ ಪುಡಿ-ಹೈಡ್ರೋಜನ್ನೇ ದಾರಿ" ಅನ್ನೋರು. ಇವತ್ತು ಅವರ ವಾದ ಪೂರ್ತಿ ಕೇಳಿದೆ. ಶಾಖ ಅಳೆಯೋ ಕ್ಯಾಲೊರಿಮೀಟರ್ ಅನ್ನೋ ಪದ ಒಂದು ಸಲವೂ ಬರಲಿಲ್ಲ!

ಪಲ್ಲಾಡಿಯಂನವರನ್ನೇ ಮೊದಲು ಹಿಡಿಯೋಣ. 1989ರ ಮಾರ್ಚ್ 23ರಂದು ರಸಾಯನ ವಿಜ್ಞಾನಿಗಳಾದ ಫ್ಲೈಷ್‌ಮನ್ ಮತ್ತು ಪಾನ್ಸ್ ಅಮೆರಿಕದ ಯೂಟಾದಲ್ಲಿ ಪತ್ರಿಕಾಗೋಷ್ಠಿ ಕರೆದು ಹೇಳಿದ ಸೆಲ್ಲೇ ಇವತ್ತಿಗೂ ಮೂಲ: ಪಲ್ಲಾಡಿಯಂ ಕ್ಯಾಥೋಡ್, ಪ್ಲಾಟಿನಂ ಆನೋಡ್, ಭಾರಜಲದಲ್ಲಿ 0.1 ಮೋಲಾರ್ ಲಿಥಿಯಂ ಡ್ಯೂಟರಾಕ್ಸೈಡ್. 5 ವೋಲ್ಟ್, 0.5 ಆಂಪಿಯರ್ ಕೊಟ್ಟರೆ ಒಳಹೋಗೋದು 2.5 ವ್ಯಾಟ್. ತೆರೆದ ಸೆಲ್‌ನಲ್ಲಿ ಡ್ಯೂಟೀರಿಯಂ, ಆಕ್ಸಿಜನ್ ಹೊರಗೆ ಹೋಗುತ್ತವೆ ಅಂತ, ಭಾರಜಲ ಒಡೆಯೋಕೆ ಖರ್ಚಾಗೋ 1.54 ವೋಲ್ಟ್ ಲೆಕ್ಕದಲ್ಲಿ 0.77 ವ್ಯಾಟ್ ಕಳೀತಾರೆ. ಉಳಿದದ್ದು 1.73, ಶಾಖವಾಗಿ ಬರಬೇಕಾದ್ದು ಇಷ್ಟೇ. ಆ ಅನಿಲಗಳು ಒಳಗೇ ಮತ್ತೆ ಕೂಡಿ ನೀರಾದರೆ? ಕಳೆದ 0.77 ಶಾಖವಾಗಿ ವಾಪಸ್. ಸಮ್ಮಿಲನ ಒಂದೂ ನಡೆಯದೆ "ಶೇ. 44 ಹೆಚ್ಚುವರಿ ಶಾಖ" ಸಿದ್ಧ! ಹೊರಬಂದ ಅನಿಲದ ಗಾತ್ರ ಅಳೆಯಿರಿ, ಎಷ್ಟು ಭಾರಜಲ ಮತ್ತೆ ತುಂಬಿದಿರಿ ಅಂತ ಬರೆದಿಡಿ. ಇಲ್ಲವೇ ಸೆಲ್ ಮುಚ್ಚಿ ಅನಿಲಗಳನ್ನು ಮತ್ತೆ ನೀರಾಗಿಸೋ ಪ್ಲಾಟಿನಂ ರೀಕಾಂಬೈನರ್ ಇಡಿ. ಆದರೆ ಅದು ಒದ್ದೆಯಾಗಿ ಕೆಲಸ ನಿಲ್ಲಿಸಿದರೆ ಒಳಗಿರೋದು ಸ್ಫೋಟಕ ಮಿಶ್ರಣ. 1992ರಲ್ಲಿ ಅಮೆರಿಕದ ಎಸ್‌ಆರ್‌ಐ ಪ್ರಯೋಗಾಲಯದಲ್ಲಿ ಸೆಲ್ ಸಿಡಿದು ಸಂಶೋಧಕರೊಬ್ಬರು ತೀರಿಕೊಂಡರು. ಇದು ಆಟ ಅಲ್ಲ.

ಇನ್ನು ಲೋಡಿಂಗ್, ಅಂದರೆ ಲೋಹದೊಳಗೆ ಡ್ಯೂಟೀರಿಯಂ ತುಂಬೋದು. ಒಂದು ಪಲ್ಲಾಡಿಯಂ ಪರಮಾಣುವಿಗೆ ಸುಮಾರು 0.9 ಡ್ಯೂಟೀರಿಯಂ ಸೇರಬೇಕು ಅಂತ ಇವರದೇ ಪಾಳೆಯದ ಮಾತು. 0.7 ದಾಟಿದ ಮೇಲೆ ಪ್ರತಿ ಹೆಜ್ಜೆಗೂ ಹೆಣಗಾಟ. ಲೋಹ ಉಬ್ಬಿ ಬಿರುಕು ಬಿಟ್ಟರೆ ತುಂಬಿದ್ದೆಲ್ಲ ಸೋರಿಹೋಗುತ್ತೆ. ಎಷ್ಟು ತುಂಬಿದೆ ಅಂತ ತಿಳಿಯೋಕೆ ನಾಲ್ಕು ತಂತಿ ಹಾಕಿ ಕ್ಯಾಥೋಡಿನ ರೋಧ ಅಳೆಯಬೇಕು: 0.75ರ ಹತ್ತಿರ ಅದು ಎರಡು ಪಟ್ಟಾಗಿ, ಆಮೇಲೆ ಇಳಿಯುತ್ತೆ. ಈ ಇಳಿಕೆ ತೋರಿಸದೆ "0.9 ಮುಟ್ಟಿದೆ" ಅಂದರೆ ನಂಬೋದು ಹೇಗೆ?

ನಿಕಲ್‌ನವರು ನಗಬೇಡಿ, ನಿಮ್ಮದು ಇನ್ನೂ ಅನ್ಯಾಯ. ನೀರು ಹರಿಸಿ, ಎಷ್ಟು ಹಬೆಯಾಯ್ತು ಅಂತ ನೋಡಿ ಶಾಖದ ಲೆಕ್ಕ ಹಾಕ್ತೀರಿ. 20 ಡಿಗ್ರಿಯ ಒಂದು ಕೆಜಿ ನೀರನ್ನು 100ಕ್ಕೆ ಏರಿಸೋಕೆ ಸುಮಾರು 335 ಕಿಲೋಜೂಲ್, ಆವಿ ಮಾಡೋಕೆ ಮತ್ತೆ 2257. ಕೊಳವೆಯಿಂದ ಬರೋದು ಬಹುಪಾಲು ಬಿಸಿನೀರೇ ಆಗಿದ್ದು, ನೀವು ಒಣ ಹಬೆ ಅಂತ ಬರೆದುಕೊಂಡರೆ ಶಾಖ ಸುಮಾರು ಏಳೂಮುಕ್ಕಾಲು ಪಟ್ಟಿನವರೆಗೂ ಉಬ್ಬುತ್ತೆ. ಹಬೆಯನ್ನು ತೂಕ ಮಾಡಿದ ತಣ್ಣೀರಿಗೆ ಬಿಟ್ಟು ಉಷ್ಣತೆಯ ಏರಿಕೆ ನೋಡಿ, ಮುಗೀತು. ಒಂದು ಬಕೆಟ್ಟಿನ ಕೆಲಸ! ನಿಕಲ್ ಪುಡಿ ತುಂಬಿದ ಅಲ್ಯೂಮಿನಾ ಕೊಳವೆಗೆ ಇನ್ಫ್ರಾರೆಡ್ ಕ್ಯಾಮೆರಾ ಹಿಡಿಯೋದೂ ಅಂಥದ್ದೇ. ಎಮಿಸಿವಿಟಿ (ಮೇಲ್ಮೈ ಎಷ್ಟರ ಮಟ್ಟಿಗೆ ಶಾಖ ಸೂಸುತ್ತೆ ಅನ್ನೋ ಅಂಕಿ) ತಪ್ಪಿದರೆ ಉಷ್ಣತೆ ತಪ್ಪು, ಅದರ ನಾಲ್ಕನೇ ಘಾತದಲ್ಲಿ ಶಕ್ತಿಯೂ ತಪ್ಪು. ಇಂಥದ್ದೇ ನಿಕಲ್ ಯಂತ್ರದ ಮೇಲಿನ 2014ರ ಲುಗಾನೊ ವರದಿ ಸಿಕ್ಕಿಬಿದ್ದದ್ದು ಇಲ್ಲೇ. ಇಂಧನವಿಲ್ಲದ ಅದೇ ಕೊಳವೆಯನ್ನು ಅಷ್ಟೇ ಪವರ್‌ನಲ್ಲಿ ಓಡಿಸಿ ಹೋಲಿಸಿ ಅಂದರೆ ಮುಖ ಸಿಂಡರಿಸುತ್ತಾರೆ.

"ಮ್ಯೂಯಾನ್ ಫ್ಯೂಷನ್ ನಿಜ ತಾನೇ?" ಅಂತ ಕೇಳುವವರಿದ್ದಾರೆ. ಹೌದು, ನಿಜ. ಮ್ಯೂಯಾನ್ ಅಂದರೆ ಎಲೆಕ್ಟ್ರಾನಿನಂಥದ್ದೇ ಭಾರದ ಕಣ, ಬೀಜಗಳನ್ನು ಹತ್ತಿರ ಎಳೆದು ತಣ್ಣಗಿದ್ದರೂ ಕೂಡಿಸುತ್ತೆ. ಒಂದು ಮ್ಯೂಯಾನ್ ತನ್ನ 2.2 ಮೈಕ್ರೋಸೆಕೆಂಡ್ ಆಯುಸ್ಸಿನಲ್ಲಿ 150ರಷ್ಟು ಸಮ್ಮಿಲನ ಮಾಡಿಸುತ್ತೆ, ತಲಾ 17.6 ಎಂಇವಿ (ಕಣಗಳ ಶಕ್ತಿಯ ಅಳತೆ). ಒಟ್ಟು 2.6 ಜಿಇವಿ (ಒಂದು ಜಿಇವಿ ಅಂದರೆ ಸಾವಿರ ಎಂಇವಿ). ಆ ಮ್ಯೂಯಾನ್ ಹುಟ್ಟಿಸೋಕೆ ಸುಮಾರು 5 ಜಿಇವಿ ಬೇಕು. ಅಂಗಡಿ ನಷ್ಟದಲ್ಲೇ ನಡೀಬೇಕು. ಆದರೂ ಅವರು ಲೆಕ್ಕ ಕೊಡ್ತಾರೆ, ಅದಕ್ಕೇ ಗೌರವ.

ಕೋಲ್ಡ್ ಫ್ಯೂಷನ್ ನಿಜವಾಗಲಿ ಅನ್ನೋ ಆಸೆ ನನಗೂ ಇದೆ, ಮುಚ್ಚಿಡಲ್ಲ. ಅದಕ್ಕೇ ಇಷ್ಟು ಸಿಟ್ಟು. ಡ್ಯೂಟೀರಿಯಂ ಸಮ್ಮಿಲನದಿಂದ 1 ವ್ಯಾಟ್ ಬಂದರೆ ಸೆಕೆಂಡಿಗೆ ಲಕ್ಷ ಕೋಟಿಯ ಆಸುಪಾಸು ನ್ಯೂಟ್ರಾನ್ ಬರಬೇಕು, ಪಕ್ಕದಲ್ಲಿ ಕೂತವರು ಉಳಿಯಲ್ಲ. "ನಮ್ಮಲ್ಲಿ ಬರೀ ಹೀಲಿಯಂ-4" ಅಂತೀರಾ? ಸರಿ, ಅದೂ ಸೆಕೆಂಡಿಗೆ 26,000 ಕೋಟಿ ಪರಮಾಣು. ಗಾಳಿಯಲ್ಲೇ ಹತ್ತು ಲಕ್ಷಕ್ಕೆ 5.2 ಭಾಗ ಹೀಲಿಯಂ ಇದೆ, ಗಾಜಿನ ಮೂಲಕವೂ ನುಸುಳುತ್ತೆ. ಆದ್ದರಿಂದ ಲೋಹದ ಫ್ಲಾಸ್ಕಿನಲ್ಲಿ ಮಾದರಿ ಹಿಡಿಯಿರಿ. ಜೊತೆಗೆ ಹೋಲಿಕೆಗೆ ಸಾದಾ ನೀರಿನ ಸೆಲ್ ಒಂದನ್ನೂ ಅಷ್ಟೇ ದಿನ ಓಡಿಸಿ.