ಸತ್ಯಾಂಶ: ಸಾಕ್ರಟೀಸ್ ಮೂರು ಜರಡಿಯ ಕಥೆ ಹೇಳಿದ್ದನೇ?

ಒಬ್ಬ ಚಾಡಿ ಹೇಳಲು ಬಂದನಂತೆ. ಅದು ನಿಜವೇ, ಒಳ್ಳೆಯದೇ, ಉಪಯೋಗದ್ದೇ ಎಂದು ಸಾಕ್ರಟೀಸ್ ಕೇಳಿದನಂತೆ. ಈ ಮೂರು ಪ್ರಶ್ನೆಗಳೇ ಮೂರು ಜರಡಿ. ಬಂದವನು ಬಾಯಿ ಮುಚ್ಚಿಕೊಂಡನಂತೆ. ಈ ಫಾರ್ವರ್ಡ್ ನಿಮಗೂ ಬಂದಿರುತ್ತದೆ.

ಸಾಕ್ರಟೀಸ್ ತಾನಾಗಿ ಏನೂ ಬರೆದಿಟ್ಟಿಲ್ಲ. ಅವನ ಮಾತುಗಳು ಸಿಗುವುದು ಮುಖ್ಯವಾಗಿ ಅವನ ಶಿಷ್ಯರಾದ ಪ್ಲೇಟೋ ಮತ್ತು ಕ್ಸೆನೋಫೋನ್ ಬರಹಗಳಲ್ಲಿ. ಅಲ್ಲೆಲ್ಲೂ ಈ ಕಥೆ ಇಲ್ಲ. ಅಂದರೆ ಫಾರ್ವರ್ಡ್ ತನ್ನ ಮೊದಲ ಜರಡಿಯನ್ನೇ ದಾಟುವುದಿಲ್ಲ!

ಕಥೆ ಸುಳ್ಳಾದರೂ ಪ್ರಶ್ನೆಗಳು ಒಳ್ಳೆಯವೇ ಅಲ್ವಾ? ಎರಡನೆಯದು ನನಗೆ ಅಷ್ಟು ಒಪ್ಪಿಗೆಯಿಲ್ಲ. 'ಅವನಿಗೆ ಸಾಲ ಕೊಡಬೇಡ, ವಾಪಸ್ ಕೊಡಲ್ಲ' ಎನ್ನುವುದು ಒಳ್ಳೆಯ ಮಾತಲ್ಲ, ಆದರೆ ನಿಜವಾಗಿದ್ದರೆ ಬೇಕಾದ ಮಾತು. ಎದುರಿಗೆ ಇಲ್ಲದವರ ಬಗ್ಗೆ ಆಡುವ ಮಾತೆಲ್ಲ ಚಾಡಿಯೂ ಅಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 467 ಜನರ ದಿನನಿತ್ಯದ ಮಾತುಗಳ ರೆಕಾರ್ಡಿಂಗ್ ಕೇಳಿತು. ಅಂಥ ಮಾತಿನಲ್ಲಿ ಸುಮಾರು ಮುಕ್ಕಾಲು ಪಾಲು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ಸುಮ್ನೆ ಸುದ್ದಿ.

ಆನ್‌ಲೈನ್‌ನಲ್ಲಿ ಅಪಾಯ ಜಾಸ್ತಿ ಇರುವುದು ಊಹೆಯಲ್ಲಿ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ರೆಡ್ಡಿಟ್ ಎಂಬ ಆನ್‌ಲೈನ್ ಚರ್ಚಾತಾಣದಲ್ಲಿ ಜನ ಫೋಟೋ ಹೋಲಿಸಿ, ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನನ್ನೇ ಅಪರಾಧಿ ಎಂದುಕೊಂಡರು. ಅವನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ರೆಡ್ಡಿಟ್ ಆಮೇಲೆ ಕ್ಷಮೆ ಕೇಳಿತು.