ದಿನವೂ ಒರೆಸಿದ ಕಾರು

ಕಳೆದ ವರ್ಷ ಒಂದು ರಾತ್ರಿ ತುಮಕೂರು ರಸ್ತೆಯ ಪೆಟ್ರೋಲ್ ಬಂಕೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದಾಗ, ಮೇಲಿನ ದೀಪದ ಬೆಳಕು ನನ್ನ ಕಡುನೀಲಿ ಕಾರಿನ ಬಾನೆಟ್ ಮೇಲೆ ಬಿದ್ದು, ಅದರ ಸುತ್ತ ಜೇಡರ ಬಲೆ ನೇಯ್ದಂತೆ ಸಾವಿರಾರು ಸಣ್ಣ ಗೀರುಗಳು ಎದ್ದು ಕಂಡವು. ಐದು ವರ್ಷ ಹಳೆಯದಾದ ಆ ಕಾರನ್ನು ನಾನು ಎಲ್ಲಿಗೂ ತಾಗಿಸಿರಲಿಲ್ಲ, ಬಿಸಿಲಿಗೆ ಬಿಟ್ಟಿರಲಿಲ್ಲ, ಒಂದು ದಿನವೂ ತಪ್ಪದಂತೆ ಬೆಳಿಗ್ಗೆ ಒರೆಸಿಸುತ್ತಿದ್ದೆ. ಹಾಳಾಗಿದ್ದು ಆ ಒರೆಸುವಿಕೆಯಿಂದಲೇ ಎಂದು ಒಪ್ಪಿಕೊಳ್ಳಲು ನನಗೆ ಇನ್ನೂ ಕೆಲವು ತಿಂಗಳು ಬೇಕಾದವು.

ಕಾರಿನ ಬಣ್ಣದಲ್ಲಿ ಹಲವು ಪದರಗಳಿರುತ್ತವೆ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೊಸ ಕಾರಿನ ಹೊಳಪೆಂದು ನಾವು ಮೆಚ್ಚುವುದು ಈ ಕೊನೆಯ ಪದರವನ್ನು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಇದರ ದಪ್ಪ ಸಾಮಾನ್ಯವಾಗಿ 40 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ, ಅಂದರೆ ಒಂದು ತಲೆಗೂದಲಿಗಿಂತಲೂ ತೆಳು. ನಮ್ಮ ರಸ್ತೆಯ ಧೂಳಿನಲ್ಲಾದರೋ ಮರಳಿನ ಕಣಗಳಿರುತ್ತವೆ, ಅವು ಅಡುಗೆಮನೆಯ ಚಾಕುವಿನ ಉಕ್ಕಿಗಿಂತ ಗಟ್ಟಿ. ಅಂತಹ ಧೂಳು ಕುಳಿತಿರುವ ಬಾನೆಟ್ ಮೇಲೆ ಒಣಬಟ್ಟೆಯನ್ನೋ, ಹಿಂಡಿದ ಬಟ್ಟೆಯನ್ನೋ ಒತ್ತಿ ಎಳೆದರೆ ಆಗುವುದು ಉಪ್ಪುಕಾಗದದ ಕೆಲಸ. ಧೂಳು ತಾನಾಗಿ ಕುಳಿತಿದ್ದಷ್ಟು ಕಾಲ ಗೀರು ಬೀಳಿಸುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಜಾವ ಐದಕ್ಕೆ ಬಂದು ಇಪ್ಪತ್ತಕ್ಕೂ ಹೆಚ್ಚು ಕಾರುಗಳನ್ನು ಒರೆಸುವ ಹುಡುಗನಿಗೆ ಇರುವುದು ಒಂದು ಬಕೆಟ್ ನೀರು, ಒಂದು ಬಟ್ಟೆ. ಹತ್ತನೆಯ ಕಾರಿನ ಹೊತ್ತಿಗೆ ಆ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅವನನ್ನು ದೂರುವುದು ನ್ಯಾಯವಲ್ಲವೆಂದು ನನಗೆ ಅನ್ನಿಸಿದ್ದು, ವಾರಕ್ಕೊಮ್ಮೆ ಮಾತ್ರ ತೊಳೆದರೆ ಸಾಕಪ್ಪ ಎಂದು ನಾನು ಹೇಳಿದಾಗ ಅವನು ಕೊಟ್ಟ ಉತ್ತರದಿಂದ: "ದಿನಾ ಒರೆಸ್ದೆ ಇದ್ರೆ ಕೆಲ್ಸಾನೇ ಮಾಡಿಲ್ಲ ಅಂತಾರೆ ಸಾರ್." ಕೂಲಿಯನ್ನು ಕಡಿಮೆ ಮಾಡದೆ, ದಿನವೂ ಗಾಜುಗಳನ್ನು ಮಾತ್ರ ಒರೆಸುವಂತೆ ಅವನೊಡನೆ ಮಾತಾಡಿಕೊಂಡೆ, ಉಳಿದ ಮೈಯನ್ನು ಹದಿನೈದು ದಿನಕ್ಕೊಮ್ಮೆ ಭಾನುವಾರ ನಾನೇ ತೊಳೆಯುತ್ತೇನೆ. ನೆರೆಯವರು ಮೊದಮೊದಲು ಇದನ್ನು ಜಿಪುಣತನವೆಂದೇ ಭಾವಿಸಿದ್ದರು.

ತೊಳೆಯುವುದಕ್ಕೆ ನಾನು ಎರಡು ಬಕೆಟ್ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಮೊದಲು ನೀರು ಹಾಯಿಸಿ ಸಡಿಲವಾದ ಮಣ್ಣೆಲ್ಲ ತಾನಾಗಿ ಇಳಿದುಹೋಗಲು ಬಿಟ್ಟು, ಆಮೇಲೆ ಮೈಕ್ರೋಫೈಬರ್ ಗವಸನ್ನು ನೊರೆಯಲ್ಲಿ ಅದ್ದಿ, ಮೇಲ್ಛಾವಣಿಯಿಂದ ಆರಂಭಿಸಿ ಕೆಳಕ್ಕೆ, ಸುತ್ತಿಸದೆ ನೇರವಾಗಿ, ಕೈಯ ಭಾರವನ್ನು ಹಾಕದೆ ಸವರುತ್ತೇನೆ. ಒಂದೊಂದು ಭಾಗ ಮುಗಿದಾಗಲೂ ಗವಸನ್ನು ಬರಿಯ ನೀರಿನಲ್ಲಿ ಜಾಲಿಸಿದ ನಂತರವೇ ಮತ್ತೆ ಶಾಂಪೂವಿಗೆ ಅದ್ದುವುದು. ಕೆಲಸ ಮುಗಿದ ಮೇಲೆ ಆ ಎರಡನೆಯ ಬಕೆಟ್ಟಿನ ತಳವನ್ನು ಒಮ್ಮೆ ಕೈಯಿಂದ ತಡವಿ ನೋಡಿದರೆ, ಅಲ್ಲಿ ಕೂತ ಮರಳೆಲ್ಲ ಇಷ್ಟು ದಿನ ಎಲ್ಲಿ ಉಜ್ಜುತ್ತಿತ್ತೆಂಬುದು ಯಾರಿಗಾದರೂ ಅರ್ಥವಾಗುತ್ತದೆ. ಚಕ್ರಗಳಿಗೆ ಬೇರೆ ಬಟ್ಟೆ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಮುಟ್ಟುವುದಿಲ್ಲ. ಬಿಸಿಲಿನಲ್ಲಿ ಕಾದ ಬಾನೆಟ್ಟಿಗೆ ನೀರು ಹಾಕುವುದಂತೂ ಇಲ್ಲವೇ ಇಲ್ಲ, ಏಕೆಂದರೆ ನೊರೆ ಅಲ್ಲಿಯೇ ಒಣಗಿ ಕಲೆಯಾಗುತ್ತದೆ. ಕಾರು ಕೊಂಡ ಮೊದಲ ಎರಡು ವರ್ಷ ನಾನು ಬಳಸಿದ್ದು ಪಾತ್ರೆ ತೊಳೆಯುವ ದ್ರವವನ್ನು. ಜಿಡ್ಡು ಬಿಡಿಸುವುದೇ ಅದರ ಕೆಲಸವಾದ್ದರಿಂದ, ಬಣ್ಣದ ಮೇಲೆ ಹಚ್ಚಿದ ಮೇಣವನ್ನೂ ಜಿಡ್ಡೆಂದೇ ತಿಳಿದು ಅದು ಬಿಡಿಸಿಬಿಡುತ್ತದೆ.

ನೀರಿನದು ಬೇರೆಯೇ ಕಥೆ. ಬೆಂಗಳೂರಿನ ಬಹುಪಾಲು ಬೋರ್‌ವೆಲ್ ನೀರು ಬೇಳೆ ಬೇಯದ, ಸೋಪಿಗೆ ನೊರೆ ಬಾರದ ಗಡಸು ನೀರು. ಕಾರಿನ ಮೇಲೆ ಅದರ ಹನಿ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಉಂಗುರಗಳಾಗಿ ಉಳಿಯುತ್ತವೆ, ಬಿಸಿಲಿಗೆ ಕಾದು ಕಚ್ಚಿಕೊಂಡರೆ ಬರಿಯ ನೀರಿಗೆ ಬಿಡುವುದಿಲ್ಲ. ನೀರು ಬೆರೆಸಿದ ಬಿಳಿ ವಿನೆಗರ್‌ನಿಂದ ಮೆಲ್ಲಗೆ ಒರೆಸಿ ತಕ್ಷಣ ತೊಳೆದರೆ ಹೊಸ ಕಲೆಗಳು ಹೋಗುತ್ತವೆ. ಜಲಮಂಡಳಿಯು 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದಾಗ, ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಿಡಿದಿಟ್ಟು ಕಾರು ತೊಳೆಯಲು ಆರಂಭಿಸಿದರು. ಉಳಿತಾಯದ ದೃಷ್ಟಿಯಿಂದ ಅದು ಮೆಚ್ಚತಕ್ಕದ್ದೇ, ಆದರೆ ಆ ನೀರಿನಲ್ಲಿ ಲವಣಾಂಶ ಮೂಲ ನೀರಿಗಿಂತಲೂ ಹೆಚ್ಚು. ಅದನ್ನು ಚಕ್ರಗಳಿಗೂ ಮೊದಲ ಸುತ್ತಿನ ಮಣ್ಣು ಇಳಿಸುವುದಕ್ಕೂ ಬಳಸಿ, ಕೊನೆಯ ಜಾಲಿಕೆಗೆ ತಾರಸಿಯಿಂದ ಹಿಡಿದಿಟ್ಟ ಮಳೆನೀರನ್ನು ಬಳಸುವುದು ನಾನು ಕಂಡುಕೊಂಡ ದಾರಿ. ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಹೀಗಿದ್ದರೂ ಒಣಗುವ ಮೊದಲೇ ದಪ್ಪನೆಯ ಮೈಕ್ರೋಫೈಬರ್ ಟವೆಲನ್ನು ಹರಡಿ ನೀರನ್ನು ಹೀರಿಸಿಕೊಳ್ಳಬೇಕು.

ಇನ್ನು ಪಾಲಿಷ್. ಇದು ಬಣ್ಣಕ್ಕೆ ಏನನ್ನೋ ಸೇರಿಸುವ ಕ್ರಿಯೆಯೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಕತ್ತಿಗೆ ಸಾಣೆ ಹಿಡಿದಾಗ ಕತ್ತಿ ಸವೆಯುವಂತೆ, ಪಾಲಿಷ್ ಮಾಡಿದಾಗ ಕ್ಲಿಯರ್ ಕೋಟ್ ಸವೆಯುತ್ತದೆ. ಗೀರಿನ ಸುತ್ತಲಿನ ಪದರವನ್ನು ಗೀರಿನ ಆಳಕ್ಕೆ ಇಳಿಸಿದಾಗ ಗೀರು ಕಾಣದಂತಾಗುತ್ತದೆ, ಅಷ್ಟೇ. ನಾನು ಸರ್ವಿಸ್‌ಗೆ ಬಿಡುತ್ತಿದ್ದ ಜಾಗದಲ್ಲಿ ಪ್ರತಿ ಬಾರಿಯೂ ನಾನು ಕೇಳದೆಯೇ ಪಾಲಿಷ್ ಎಂಬ ಬಾಬತ್ತು ಬಿಲ್ಲಿಗೆ ಸೇರುತ್ತಿತ್ತು. ಎರಡು ಬಾರಿ ತೊಳೆಯುವಷ್ಟರಲ್ಲಿ ಗೀರುಗಳು ಮತ್ತೆ ಮೂಡುತ್ತಿದ್ದವು, ಏಕೆಂದರೆ ಅವರು ಹಚ್ಚಿದ್ದು ಗೀರನ್ನು ತುಂಬಿ ಮುಚ್ಚುವ ಎಣ್ಣೆಯಂಶದ ಲೇಪವನ್ನು. ಅದರಿಂದ ಹಣ ಹೋಯಿತು, ಬಣ್ಣವಾದರೂ ಉಳಿಯಿತೆಂದು ಈಗ ಸಮಾಧಾನಪಟ್ಟುಕೊಳ್ಳುತ್ತೇನೆ. ಗೀರು ತೆಗೆಯಲು ಉಜ್ಜುವ ಒರಟು ಲೇಪವಾದ ರಬ್ಬಿಂಗ್ ಕಾಂಪೌಂಡನ್ನು ಮನೆಯಲ್ಲಿ ಬಳಸುವವರು ಬಾಗಿಲು, ಬಾನೆಟ್ಟುಗಳ ಅಂಚುಗಳಲ್ಲಿ ಬಹಳ ಜಾಗ್ರತೆಯಿಂದಿರಬೇಕು, ಅಲ್ಲಿ ಪದರ ಬೇಗ ಸವೆದು ಕೆಳಗಿನ ಬಣ್ಣ ತೆರೆದುಕೊಳ್ಳುತ್ತದೆ. ಉಗುರಿಗೆ ತಡೆಯುವಷ್ಟು ಆಳದ ಗೀರನ್ನು ತೆಗೆಯುವ ಹಟಕ್ಕೆ ಬೀಳದೆ ಹಾಗೆಯೇ ಬಿಡುವುದು ಒಳ್ಳೆಯದು.

ರಕ್ಷಣೆಗೆ ಬ್ರೆಜಿಲ್‌ನ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಕಾರ್ನೌಬಾ ಮೇಣವೇ ಇರಲಿ, ಪಾಲಿಮರ್ ಸೀಲೆಂಟೇ ಇರಲಿ, ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಬಾಳುತ್ತದೆ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಕಾಲ ಬರುತ್ತದೆ, ನೀರು ಕೆಸುವಿನೆಲೆಯ ಮೇಲಿನಂತೆ ಉರುಳಿ ಬೀಳುತ್ತದೆ, ತೊಳೆಯುವುದು ಹಗುರವಾಗುತ್ತದೆ. ಆದರೆ ಮಾರುವವರು "9ಎಚ್ ಗಡಸುತನ" ಎಂದು ಹೇಳುವಾಗ, ಅದು ಪೆನ್ಸಿಲ್ ಮೊನೆಗಳಿಂದ ಗೀಚಿ ನೋಡುವ ಪರೀಕ್ಷೆಯ ಅಳತೆಯೆಂಬುದನ್ನು ಹೇಳುವುದಿಲ್ಲ. ವಜ್ರಕ್ಕೆ 10 ಅಂಕ ಕೊಡುವ ಖನಿಜಗಳ ಮಾಪಕವೇ ಇದೆಂದು ಕೇಳುವವರು ತಿಳಿದುಕೊಳ್ಳುತ್ತಾರೆ. ಧೂಳುಬಟ್ಟೆಯ ಗೀರು ಸೆರಾಮಿಕ್ ಮೇಲೂ ಬೀಳುತ್ತದೆ.

ಮುಟ್ಟದೆ ಬಿಡಬೇಕೆಂಬ ನನ್ನ ವಾದಕ್ಕೆ ಅಪವಾದಗಳೂ ಇವೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುವುದರಿಂದ ಬೇಸಿಗೆಯಲ್ಲಿ ಒಂದೇ ಹಗಲು ಬಿಟ್ಟರೂ ಅದು ಕ್ಲಿಯರ್ ಕೋಟನ್ನು ತಿನ್ನುತ್ತದೆ. ಮಾವಿನ ಮರದಿಂದ ತೊಟ್ಟಿಕ್ಕುವ ಅಂಟೂ ಕಾದಷ್ಟೂ ಕಚ್ಚಿಕೊಳ್ಳುತ್ತದೆ. ಇವುಗಳ ಮೇಲೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಸಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು, ಉಜ್ಜಬಾರದು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಸಣ್ಣ ವಾಗ್ವಾದ ನಡೆಯಿತು. ಬಾನೆಟ್ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು ಅರಿಶಿನ ಕುಂಕುಮ ಇಡುವುದು ಅಮ್ಮನ ಪದ್ಧತಿ, ಸೇವಂತಿಗೆ ಹಾರದ ತಂತಿ ಗ್ರಿಲ್ಲಿನಿಂದ ಜಾರಿ ಬಂಪರನ್ನು ಗೀರುವುದು ಪ್ರತಿವರ್ಷದ ಅನುಭವ. ತಂತಿಯ ಬದಲು ನೂಲಿನ ಹಾರವನ್ನು ತಂದೆ, ವಿಭೂತಿಯನ್ನು ಮುಂದಿನ ಗಾಜಿಗೆ ಇಡುವಂತೆ ಕೇಳಿಕೊಂಡೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಭೂತಿಯನ್ನು ಗಾಜಿಗೆ ಎಳೆದು, ಕುಂಕುಮವನ್ನು ಮಾತ್ರ ಬಾನೆಟ್ಟಿಗೇ ಇಟ್ಟರು. ಬೂದುಗುಂಬಳ ಒಡೆದಾಗ ಸಿಡಿದ ಕೆಂಪು ನೀರನ್ನೂ ಸೇರಿಸಿ ಸಂಜೆಯೇ ಎಲ್ಲವನ್ನೂ ತೊಳೆದೆ, ಕುಂಕುಮದ ಆ ಬೊಟ್ಟೊಂದನ್ನು ಬಿಟ್ಟು.